ಅವಿಭಾಜ್ಯವೂ ಶೇಷವೂ: ಸಂಖ್ಯಾವಿಚಾರದ ಎರಡು ಪರಂಪರೆಗಳು

ಒಂದು ಪೂರ್ಣಸಂಖ್ಯೆಯನ್ನು ಮತ್ತೊಂದರಿಂದ ಭಾಗಿಸಿದಾಗ ಸಂಭವಿಸುವುದು ಎರಡರಲ್ಲಿ ಒಂದು: ಭಾಗವು ನಿಶ್ಶೇಷವಾಗಿ ಹೋಗುತ್ತದೆ, ಇಲ್ಲವೇ ಶೇಷವು ಉಳಿಯುತ್ತದೆ. ಮಗ್ಗಿಯನ್ನು ಕಲಿತ ಬಾಲಕನಿಗೂ ತಿಳಿದಿರುವ ಈ ಸರಳ ಸಂಗತಿಯೇ ಸಂಖ್ಯಾಶಾಸ್ತ್ರವೆಂಬ ಗಹನವಾದ ಶಾಸ್ತ್ರಕ್ಕೆ ಮೂಲವಾಗಿದೆ. ಒಂದರಿಂದಲೂ ತನ್ನಿಂದಲೂ ಹೊರತು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಗೆ ಅವಿಭಾಜ್ಯವೆಂದು ಹೆಸರು. ೨, ೩, ೫, ೭, ೧೧, ೧೩ ಮೊದಲಾದವು ಈ ಬಗೆಯವು. ಒಂದು ಎಂಬ ಸಂಖ್ಯೆಯನ್ನು ಈ ವರ್ಗಕ್ಕೆ ಸೇರಿಸುವುದಿಲ್ಲ. ಉಳಿದ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳ ಗುಣನದಿಂದ ಉಂಟಾದವುಗಳೇ. ೬೦ ಎಂಬುದು ೨ × ೨ × ೩ × ೫. ಕ್ರಮವನ್ನು ಬದಲಾಯಿಸಬಹುದೇ ಹೊರತು ಬೇರೆ ಅವಿಭಾಜ್ಯಗಳಿಂದ ಅದನ್ನು ಕಟ್ಟಲಾಗದು.

ಪ್ರಾಚೀನ ಭಾರತೀಯರಿಗೆ ಈ ವಿಷಯದಲ್ಲಿ ಏನು ತಿಳಿದಿತ್ತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಎಲ್ಲವೂ ತಿಳಿದಿತ್ತು, ಪಾಶ್ಚಾತ್ಯರು ಅನಂತರ ಹೇಳಿದುದೆಲ್ಲ ಇಲ್ಲಿ ಮೊದಲೇ ಇತ್ತು ಎಂಬುದು ಒಂದು. ಏನೂ ತಿಳಿದಿರಲಿಲ್ಲ, ಸಂಖ್ಯೆಗಳ ತತ್ತ್ವವಿಚಾರವೆಲ್ಲ ಗ್ರೀಕರ ಸೊತ್ತು ಎಂಬುದು ಇನ್ನೊಂದು. ಇವೆರಡೂ ಗ್ರಂಥಗಳನ್ನು ತೆರೆದು ನೋಡದೆ ಹೇಳಿದ ಮಾತುಗಳು. ಗ್ರಂಥಗಳು ತೋರಿಸುವ ಚಿತ್ರವೇ ಬೇರೆ. ಗ್ರೀಕರು ಮುಖ್ಯವಾಗಿ ಕೇಳಿದ್ದು, ಭಾಗವಾಗದೆ ನಿಲ್ಲುವ ಸಂಖ್ಯೆ ಯಾವುದು ಎಂದು. ಭಾರತೀಯರು ಮುಖ್ಯವಾಗಿ ಕೇಳಿದ್ದು, ಭಾಗಿಸಿದ ಮೇಲೆ ಉಳಿದ ಶೇಷದಿಂದ ಮೂಲಸಂಖ್ಯೆಯನ್ನು ಪಡೆಯುವುದು ಹೇಗೆ ಎಂದು. ಪ್ರಶ್ನೆಗಳು ಬೇರೆ, ಆದರೆ ಇಬ್ಬರೂ ಹಿಡಿದ ಸಾಧನವು ಒಂದೇ. ಈ ಸಂಗತಿಯನ್ನು ತುಸು ವಿವರವಾಗಿ ಪರಿಶೀಲಿಸುವುದು ಉಚಿತವಾಗಿದೆ.

ಗ್ರೀಕರ ಮಾರ್ಗ

ಕ್ರಿ.ಪೂ. ೩೦೦ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದಲ್ಲಿದ್ದ ಯೂಕ್ಲಿಡನು ರಚಿಸಿದ 'ಎಲಿಮೆಂಟ್ಸ್' ಎಂಬ ಗ್ರಂಥವು ರೇಖಾಗಣಿತಕ್ಕೆ ಪ್ರಸಿದ್ಧವಾಗಿದ್ದರೂ, ಅದರ ೧೩ ಭಾಗಗಳಲ್ಲಿ ೭, ೮ ಮತ್ತು ೯ನೆಯವು ಸಂಖ್ಯೆಗಳಿಗೆ ಮೀಸಲಾಗಿವೆ. ಏಳನೆಯ ಭಾಗದ ಆರಂಭದಲ್ಲಿಯೇ ಅವಿಭಾಜ್ಯ ಸಂಖ್ಯೆಯ ಲಕ್ಷಣವು ಹೇಳಲ್ಪಟ್ಟಿದೆ. ಅವಿಭಾಜ್ಯವೊಂದು ಎರಡು ಸಂಖ್ಯೆಗಳ ಗುಣಲಬ್ಧವನ್ನು ನಿಶ್ಶೇಷವಾಗಿ ಭಾಗಿಸಿದರೆ ಆ ಎರಡರಲ್ಲಿ ಒಂದನ್ನಾದರೂ ಭಾಗಿಸಲೇಬೇಕು ಎಂಬ ತತ್ತ್ವವೂ ಅದೇ ಭಾಗದಲ್ಲಿದೆ.

ಒಂಬತ್ತನೆಯ ಭಾಗದ ೨೦ನೆಯ ಪ್ರಮೇಯವು ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂಬುದನ್ನು ಸಾಧಿಸುತ್ತದೆ. ಅದರ ಯುಕ್ತಿಯು ಸರಳವಾದುದು. ಕೆಲವು ಅವಿಭಾಜ್ಯಗಳು ಮಾತ್ರ ಇವೆಯೆಂದು ಭಾವಿಸಿ ಅವುಗಳನ್ನೆಲ್ಲ ಗುಣಿಸಿ ಒಂದನ್ನು ಕೂಡಿಸಬೇಕು. ಹೀಗೆ ಬಂದ ಸಂಖ್ಯೆಯನ್ನು ಅವುಗಳಲ್ಲಿ ಯಾವುದರಿಂದ ಭಾಗಿಸಿದರೂ ಶೇಷವಾಗಿ ಒಂದು ಉಳಿಯುತ್ತದೆ. ಆದುದರಿಂದ ಆ ಸಂಖ್ಯೆಯು ತಾನೇ ಅವಿಭಾಜ್ಯವಾಗಿರಬೇಕು, ಅಥವಾ ಪಟ್ಟಿಯಲ್ಲಿಲ್ಲದ ಬೇರೊಂದು ಅವಿಭಾಜ್ಯದಿಂದ ಭಾಗವಾಗಬೇಕು. ಉದಾಹರಣೆಗೆ ೨, ೩, ೫, ೭, ೧೧, ೧೩ ಇವುಗಳ ಗುಣಲಬ್ಧಕ್ಕೆ ಒಂದನ್ನು ಸೇರಿಸಿದರೆ ೩೦೦೩೧ ಬರುತ್ತದೆ. ಅದು ೫೯ ಮತ್ತು ೫೦೯ರ ಗುಣಲಬ್ಧ. ಇವೆರಡೂ ಮೊದಲಿನ ಪಟ್ಟಿಗೆ ಹೊಸವು. ಭಾಗವಾಗದ ಸಂಖ್ಯೆಗಳ ಆನಂತ್ಯವನ್ನು ಸಾಧಿಸಲು ಯೂಕ್ಲಿಡನು ಆಶ್ರಯಿಸಿದುದು ಒಂದೆಂಬ ಶೇಷವನ್ನೇ ಎಂಬುದು ಗಮನಾರ್ಹ.

ಕ್ರಿ.ಪೂ. ೩ನೆಯ ಶತಮಾನದಲ್ಲಿ ಅದೇ ನಗರದ ಗ್ರಂಥಾಲಯದ ಮುಖ್ಯಸ್ಥನಾಗಿದ್ದ ಎರಾಟಾಸ್ತನೀಸನ ಹೆಸರಿನಲ್ಲಿ 'ಜರಡಿ' ಎಂಬ ವಿಧಾನವು ಪ್ರಸಿದ್ಧವಾಗಿದೆ. ಸಂಖ್ಯೆಗಳನ್ನು ಸಾಲಾಗಿ ಬರೆದು ೨, ೩, ೫, ೭ ಹೀಗೆ ಒಂದೊಂದರ ಅಪವರ್ತ್ಯಗಳನ್ನು ಹೊಡೆದುಹಾಕುತ್ತ ಹೋದರೆ ಅವಿಭಾಜ್ಯಗಳು ಮಾತ್ರ ಜರಡಿಯಲ್ಲಿ ನಿಲ್ಲುತ್ತವೆ. ೧೦೦ರವರೆಗೆ ಈ ನಾಲ್ಕು ಸಂಖ್ಯೆಗಳಿಂದ ಜರಡಿ ಹಿಡಿದರೆ ಸಾಕು. ಉಳಿಯುವ ಅವಿಭಾಜ್ಯಗಳು ೨೫.

ಇನ್ನು ಗ್ರೀಕರ ಸಾಧನದ ವಿಚಾರ. ಎರಡು ಸಂಖ್ಯೆಗಳಿಗೆ ಸಾಮಾನ್ಯವಾದ ಅತ್ಯಂತ ದೊಡ್ಡ ಭಾಜಕವನ್ನು, ಎಂದರೆ ಮಹತ್ತಮ ಸಾಮಾನ್ಯ ಅಪವರ್ತನವನ್ನು ಕಂಡುಹಿಡಿಯಲು ಯೂಕ್ಲಿಡನು ಪರಸ್ಪರ ಭಾಗಾಹಾರದ ಕ್ರಮವನ್ನು ಹೇಳಿದ್ದಾನೆ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಬಂದ ಶೇಷದಿಂದ ಚಿಕ್ಕದನ್ನು ಭಾಗಿಸಿ, ಹೀಗೆಯೇ ಮುಂದುವರಿದಾಗ ಕೊನೆಗೆ ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಯೇ ಬೇಕಾದ ಅಪವರ್ತನ. ಯೂಕ್ಲಿಡನ ಕಾರ್ಯವು ಅಲ್ಲಿಗೆ ಮುಗಿಯುತ್ತದೆ. ಭಾರತೀಯರ ಕಾರ್ಯವು ಅಲ್ಲಿಂದ ಪ್ರಾರಂಭವಾಗುತ್ತದೆ.

ಕುಟ್ಟಕದ ಉಗಮ

ಕ್ರಿ.ಶ. ೪೯೯ರಲ್ಲಿ ೨೩ ವರ್ಷ ವಯಸ್ಸಿನವನಾಗಿದ್ದ ಆರ್ಯಭಟನ 'ಆರ್ಯಭಟೀಯ'ದ ಗಣಿತಪಾದವು ಕೊನೆಯ ಎರಡು ಶ್ಲೋಕಗಳಲ್ಲಿ ಒಂದು ವಿಧಾನವನ್ನು ಅತಿ ಸಂಕ್ಷೇಪವಾಗಿ ಹೇಳುತ್ತದೆ. ಇದಕ್ಕೆ ಕುಟ್ಟಕವೆಂದು ಹೆಸರು ಬಂದಿತು. ಕುಟ್ಟುವುದು ಎಂದರೆ ಪುಡಿಮಾಡುವುದು. ದೊಡ್ಡ ಸಂಖ್ಯೆಗಳನ್ನು ಮತ್ತೆ ಮತ್ತೆ ಭಾಗಿಸಿ ಚಿಕ್ಕದಾಗಿಸುವುದರಿಂದ ಈ ಹೆಸರು ಅನ್ವರ್ಥವಾಗಿದೆ. ಕ್ರಿ.ಶ. ೬೨೮ರಲ್ಲಿ ಬ್ರಹ್ಮಗುಪ್ತನು 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಒಂದು ಅಧ್ಯಾಯಕ್ಕೇ ಕುಟ್ಟಕದ ಹೆಸರನ್ನಿಟ್ಟನು. ಮರುವರ್ಷ ಮೊದಲನೆಯ ಭಾಸ್ಕರನು ಆರ್ಯಭಟೀಯಕ್ಕೆ ಭಾಷ್ಯವನ್ನು ಬರೆದು, ಆ ಎರಡು ಶ್ಲೋಕಗಳ ಅರ್ಥವನ್ನು ಅನೇಕ ಉದಾಹರಣೆಗಳಿಂದ ಬಿಡಿಸಿದನು. ೮ರಿಂದ ಭಾಗಿಸಿದರೆ ೫, ೯ರಿಂದ ಭಾಗಿಸಿದರೆ ೪, ೭ರಿಂದ ಭಾಗಿಸಿದರೆ ೧ ಶೇಷ ಬರುವ ಸಂಖ್ಯೆ ಯಾವುದೆಂಬುದು ಅವನ ಪ್ರಶ್ನೆಗಳಲ್ಲೊಂದು, ಉತ್ತರ ೮೫.

ಇದು ಕೇವಲ ಬುದ್ಧಿವಿನೋದಕ್ಕಾಗಿ ಹುಟ್ಟಿದ ಗಣಿತವಲ್ಲ. ಇದರ ಹಿಂದೆ ಜ್ಯೋತಿಷದ ಅಗತ್ಯವಿತ್ತು. ಆರ್ಯಭಟನ ಮತದಂತೆ ಒಂದು ಮಹಾಯುಗದಲ್ಲಿ ಸೂರ್ಯನ ಭಗಣಗಳು, ಎಂದರೆ ಪ್ರದಕ್ಷಿಣೆಗಳು ೪೩,೨೦,೦೦೦, ದಿನಗಳು ೧,೫೭,೭೯,೧೭,೫೦೦. ಯುಗಾದಿಯಿಂದ ಕಳೆದ ದಿನಗಳ ಸಂಖ್ಯೆಗೆ ಅಹರ್ಗಣವೆಂದು ಹೆಸರು. ಅಹರ್ಗಣವನ್ನು ಭಗಣಗಳಿಂದ ಗುಣಿಸಿ ಯುಗದಿನಗಳಿಂದ ಭಾಗಿಸಿದರೆ ಭಾಗಲಬ್ಧವು ಕಳೆದ ಪ್ರದಕ್ಷಿಣೆಗಳನ್ನೂ, ಶೇಷವು ಸೂರ್ಯನ ಅಂದಿನ ಸ್ಥಾನವನ್ನೂ ತಿಳಿಸುತ್ತವೆ. ಇದು ನೇರವಾದ ಗಣನೆ. ಸೂರ್ಯನ ಸ್ಥಾನ ಮಾತ್ರ ತಿಳಿದಿದ್ದು ಕಳೆದ ದಿನಗಳೆಷ್ಟೆಂದು ಕೇಳಿದರೆ ಅದು ವಿಲೋಮ ಪ್ರಶ್ನೆ. ಶೇಷದಿಂದ ಹಿಂದಿರುಗಿ ಮೂಲಕ್ಕೆ ಹೋಗಬೇಕಾದ ಇಂತಹ ಸ್ಥಳದಲ್ಲಿ ಕುಟ್ಟಕವು ನೆರವಾಗುತ್ತದೆ.

ಇಷ್ಟು ದೊಡ್ಡ ಸಂಖ್ಯೆಗಳೊಡನೆ ವ್ಯವಹರಿಸುವ ಮೊದಲು ಅವುಗಳನ್ನು ಸಂಕ್ಷೇಪಿಸುವುದು ಅಗತ್ಯ. ಮೇಲಿನ ಎರಡು ಸಂಖ್ಯೆಗಳನ್ನು ಪರಸ್ಪರ ಭಾಗಿಸಿದರೆ ಅವುಗಳ ಮಹತ್ತಮ ಅಪವರ್ತನವು ೭೫೦೦ ಎಂದು ತಿಳಿಯುತ್ತದೆ. ಅದರಿಂದ ಎರಡನ್ನೂ ಭಾಗಿಸಿದರೆ ೫೭೬ ಮತ್ತು ೨,೧೦,೩೮೯ ದೊರೆಯುತ್ತವೆ. ಇವುಗಳಿಗೆ ಒಂದನ್ನು ಬಿಟ್ಟರೆ ಸಾಮಾನ್ಯ ಭಾಜಕವೇ ಇಲ್ಲ. ಇಂತಹ ಸಂಖ್ಯೆಗಳನ್ನು ಪ್ರಾಚೀನರು 'ದೃಢ' ಎಂದು ಕರೆದರು. ಈಗಿನ ಪಠ್ಯಪುಸ್ತಕಗಳು ಸಹ-ಅವಿಭಾಜ್ಯಗಳೆಂದು ಕರೆಯುವುದು ಇವುಗಳನ್ನೇ. ಆ ಪುಸ್ತಕಗಳಲ್ಲಿರುವ ಭಾಜ್ಯ, ಭಾಜಕ, ಲಬ್ಧ, ಶೇಷ, ಅಪವರ್ತನ ಎಂಬ ಮಾತುಗಳೂ ಈ ಸಂಸ್ಕೃತ ಗಣಿತ ಪರಂಪರೆಯಿಂದಲೇ ಬಂದವು.

ಎರಡು ಮಾರ್ಗಗಳ ವ್ಯತ್ಯಾಸವು ಈ 'ದೃಢ' ಶಬ್ದದಲ್ಲಿ ಅಡಗಿದೆ. ಅವಿಭಾಜ್ಯತ್ವವು ಒಂದೇ ಸಂಖ್ಯೆಯ ಸ್ವಂತ ಗುಣ. ದೃಢತ್ವವು ಎರಡು ಸಂಖ್ಯೆಗಳ ನಡುವಣ ಸಂಬಂಧ. ೮ ಮತ್ತು ೯ ಇವೆರಡರಲ್ಲಿ ಯಾವುದೂ ಅವಿಭಾಜ್ಯವಲ್ಲ. ಆದರೂ ಅವು ಪರಸ್ಪರ ದೃಢವಾಗಿವೆ. ಯೂಕ್ಲಿಡನು ಎರಡನ್ನೂ ವಿವೇಚಿಸಿದನು. ಕುಟ್ಟಕದ ಆಚಾರ್ಯರಿಗೆ ತಮ್ಮ ಕಾರ್ಯಕ್ಕೆ ಎರಡನೆಯದೇ ಸಾಕಾಗಿತ್ತು. ಅವಿಭಾಜ್ಯಗಳು ಎಷ್ಟಿವೆ, ಅವುಗಳಿಗೆ ಕೊನೆಯುಂಟೇ ಎಂಬ ಜಿಜ್ಞಾಸೆಯನ್ನು ಅವರ ಗ್ರಂಥಗಳು ಪ್ರಧಾನ ವಿಷಯವಾಗಿ ಕೈಗೆತ್ತಿಕೊಳ್ಳಲಿಲ್ಲ.

ರಾಷ್ಟ್ರಕೂಟರ ಕಾಲದ ಒಂದು ಸಮಸ್ಯೆ

ಈ ವಿದ್ಯೆಯು ಕನ್ನಡನಾಡಿನಲ್ಲಿಯೂ ಚೆನ್ನಾಗಿ ಬೆಳೆಯಿತು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿದ್ದ ಜೈನ ವಿದ್ವಾಂಸ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದನು; ಗ್ರಂಥದ ಆದಿಯಲ್ಲಿ ಆ ಚಕ್ರವರ್ತಿಯನ್ನು ಸ್ತುತಿಸಿದ್ದಾನೆ. ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿದ ಈ ಗ್ರಂಥವು ೧೯೧೨ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ಮಹಾವೀರನ ವೈಶಿಷ್ಟ್ಯವೆಂದರೆ, ಜ್ಯೋತಿಷದ ಪರಿಚಾರಿಕೆಯಂತಿದ್ದ ಗಣಿತವನ್ನು ಸ್ವತಂತ್ರ ಶಾಸ್ತ್ರವಾಗಿ ನಿರೂಪಿಸಿದುದು. ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ಕ್ರಮವನ್ನು ಅವನು ಸ್ಪಷ್ಟವಾಗಿ ಹೇಳಿ, ಅದಕ್ಕೆ 'ನಿರುದ್ಧ' ಎಂಬ ಹೆಸರನ್ನು ಬಳಸಿದ್ದಾನೆ. ಕುಟ್ಟಕವನ್ನು 'ವಲ್ಲಿಕಾ ಕುಟ್ಟೀಕಾರ' ಎಂದಿದ್ದಾನೆ. ಭಾಗಲಬ್ಧಗಳನ್ನು ಒಂದರ ಕೆಳಗೊಂದು ಬಳ್ಳಿಯಂತೆ ಬರೆಯುವುದರಿಂದ ಅದು ವಲ್ಲಿಕೆ.

ಅವನ ಒಂದು ಸಮಸ್ಯೆಯ ಸಾರಾಂಶ ಹೀಗಿದೆ. ವನವೊಂದರ ಬಳಿಗೆ ಬಂದ ದಾರಿಹೋಕರು ಸಮಸಂಖ್ಯೆಯ ಬಾಳೆಹಣ್ಣುಗಳುಳ್ಳ ೬೩ ರಾಶಿಗಳನ್ನೂ, ಬಿಡಿಯಾಗಿ ೭ ಹಣ್ಣುಗಳನ್ನೂ ಕಂಡರು. ೨೩ ಮಂದಿ ಅವುಗಳನ್ನು ಸಮನಾಗಿ ಹಂಚಿಕೊಂಡಾಗ ಏನೂ ಉಳಿಯಲಿಲ್ಲ. ಹಾಗಾದರೆ ಒಂದೊಂದು ರಾಶಿಯಲ್ಲಿದ್ದ ಹಣ್ಣುಗಳೆಷ್ಟು?

೬೩ನ್ನು ೨೩ರಿಂದ ಭಾಗಿಸಿದರೆ ಲಬ್ಧ ೨, ಶೇಷ ೧೭. ೨೩ನ್ನು ೧೭ರಿಂದ ಭಾಗಿಸಿದರೆ ಲಬ್ಧ ೧, ಶೇಷ ೬. ೧೭ನ್ನು ೬ರಿಂದ ಭಾಗಿಸಿದರೆ ಲಬ್ಧ ೨, ಶೇಷ ೫. ೬ನ್ನು ೫ರಿಂದ ಭಾಗಿಸಿದರೆ ಲಬ್ಧ ೧, ಶೇಷ ೧. ಯೂಕ್ಲಿಡನಾಗಿದ್ದರೆ, ಇವೆರಡಕ್ಕೂ ಒಂದರ ಹೊರತು ಸಾಮಾನ್ಯ ಭಾಜಕವಿಲ್ಲವೆಂದು ಹೇಳಿ ಇಲ್ಲಿಗೆ ನಿಲ್ಲಿಸುತ್ತಿದ್ದನು. ಭಾರತೀಯ ಆಚಾರ್ಯನು ಲಬ್ಧಗಳನ್ನು ಎಸೆಯುವುದಿಲ್ಲ. ೨, ೧, ೨, ೧ ಎಂಬ ಬಳ್ಳಿಯನ್ನು ಕೆಳಗಿನಿಂದ ಮೇಲಕ್ಕೆ ಗುಣಿಸಿ ಕೂಡಿಸುತ್ತ ಏರುತ್ತಾನೆ. ತುದಿಯನ್ನು ಮುಟ್ಟಿದಾಗ ಉತ್ತರವು ಕೈಸೇರುತ್ತದೆ. ಒಂದು ರಾಶಿಯಲ್ಲಿ ೫ ಹಣ್ಣುಗಳು; ಒಟ್ಟು ೬೩ × ೫ + ೭ = ೩೨೨; ಒಬ್ಬೊಬ್ಬನಿಗೆ ೧೪. ಇದು ಅತ್ಯಂತ ಚಿಕ್ಕ ಉತ್ತರ. ರಾಶಿಗೆ ೨೩ನ್ನೂ ಪಾಲಿಗೆ ೬೩ನ್ನೂ ಕೂಡಿಸುತ್ತ ಹೋದರೆ ೨೮ ಮತ್ತು ೭೭, ೫೧ ಮತ್ತು ೧೪೦, ಹೀಗೆ ಅನಂತ ಉತ್ತರಗಳು ದೊರೆಯುತ್ತವೆ.

ಪ್ರಶ್ನೆಯ ಯೋಗ್ಯತೆ ಮತ್ತು ಅಪವರ್ತನ ಶೋಧ

ಎಲ್ಲ ಪ್ರಶ್ನೆಗಳಿಗೂ ಉತ್ತರವಿರಲೇಬೇಕೆಂದಿಲ್ಲ. ಆರಾರು ಹಣ್ಣುಗಳ ಎಷ್ಟು ರಾಶಿಗಳಿಗೆ ಬಿಡಿಯಾದ ೫ ಹಣ್ಣುಗಳನ್ನು ಸೇರಿಸಿದರೂ ಒಂಬತ್ತು ಮಂದಿಗೆ ಸಮನಾಗಿ ಹಂಚಲಾಗದು. ೬ ಮತ್ತು ೯ಕ್ಕೆ ೩ ಸಾಮಾನ್ಯ ಭಾಜಕ, ಆ ೩ರಿಂದ ೫ ಭಾಗವಾಗುವುದಿಲ್ಲ. ಕ್ರಿ.ಶ. ೧೧೫೦ರ 'ಲೀಲಾವತಿ'ಯಲ್ಲಿ ಎರಡನೆಯ ಭಾಸ್ಕರಾಚಾರ್ಯನು ಈ ನಿಯಮವನ್ನು ನಿಸ್ಸಂದಿಗ್ಧವಾಗಿ ಹೇಳಿದ್ದಾನೆ. ಭಾಜ್ಯ ಮತ್ತು ಭಾಜಕಗಳನ್ನು ಭಾಗಿಸುವ ಸಂಖ್ಯೆಯು ಕ್ಷೇಪವನ್ನು, ಎಂದರೆ ಕೂಡಿಸಬೇಕಾದ ಸಂಖ್ಯೆಯನ್ನು ಭಾಗಿಸದಿದ್ದಲ್ಲಿ ಪ್ರಶ್ನೆಯೇ ದುಷ್ಟ, ಎಂದರೆ ದೋಷಯುಕ್ತ ಎಂಬುದು ಅವನ ನಿರ್ಣಯ. ಉತ್ತರವನ್ನು ಹುಡುಕುವ ಮೊದಲು ಪ್ರಶ್ನೆಯ ಯೋಗ್ಯತೆಯನ್ನು ಪರೀಕ್ಷಿಸಬೇಕೆಂಬ ಈ ವಿವೇಕವು ಶಾಸ್ತ್ರದ ಪ್ರೌಢಿಮೆಯನ್ನು ಸೂಚಿಸುತ್ತದೆ. ಮೂಲಗ್ರಂಥಗಳು ಬಹುಮಟ್ಟಿಗೆ ಸೂತ್ರಗಳನ್ನು ಮಾತ್ರ ಕೊಡುತ್ತವೆ. ಉಪಪತ್ತಿಗಳನ್ನು ವ್ಯಾಖ್ಯಾನಗಳಲ್ಲಿ ಹುಡುಕಬೇಕು. ಕ್ರಿ.ಶ. ೧೬೦೦ರ ಸುಮಾರಿನ ಕೃಷ್ಣ ದೈವಜ್ಞನ 'ಬೀಜಪಲ್ಲವ'ದಲ್ಲಿ ಕುಟ್ಟಕದ ಉಪಪತ್ತಿಯು ವಿಸ್ತಾರವಾಗಿ ಪ್ರತಿಪಾದಿತವಾಗಿದೆ. ಆದುದರಿಂದ ಭಾರತೀಯರು ಉಪಪತ್ತಿಯಿಲ್ಲದೆ ಲೆಕ್ಕ ಮಾಡಿದರೆಂಬ ಆಕ್ಷೇಪವು ಪೂರ್ಣವಾಗಿ ನಿಲ್ಲುವುದಿಲ್ಲ.

ಭಾರತೀಯರು ಅಪವರ್ತನ ಶೋಧವನ್ನು ಸ್ವತಂತ್ರವಾಗಿ ಕೈಗೊಂಡುದಕ್ಕೂ ಸಾಕ್ಷ್ಯವಿದೆ. ಕ್ರಿ.ಶ. ೧೩೫೬ರಲ್ಲಿ ನಾರಾಯಣ ಪಂಡಿತನು ರಚಿಸಿದ 'ಗಣಿತಕೌಮುದಿ'ಯಲ್ಲಿ 'ಭಾಗಾದಾನ'ವೆಂಬ ಅಧ್ಯಾಯವೇ ಇದೆ. ದತ್ತ ಸಂಖ್ಯೆಯನ್ನು ಎರಡು ವರ್ಗಗಳ ಅಂತರವಾಗಿ ಬರೆಯುವುದು ಅವನ ಕ್ರಮ. ಆಗ ವರ್ಗಮೂಲಗಳ ಮೊತ್ತವೂ ವ್ಯತ್ಯಾಸವೂ ಅದರ ಅಪವರ್ತನಗಳಾಗುತ್ತವೆ. ೧೧೬೧ ಎಂಬ ಸಂಖ್ಯೆಯನ್ನು ತೆಗೆದುಕೊಂಡರೆ, ಅದಕ್ಕೆ ಸಮೀಪದ ಕಿರಿಯ ವರ್ಗವು ೩೪ರದು, ಎಂದರೆ ೧೧೫೬, ಶೇಷ ೫. ೩೪ರ ಇಮ್ಮಡಿಗೆ ಒಂದನ್ನು ಕೂಡಿಸಿದರೆ ೬೯; ಅದರಿಂದ ಶೇಷವಾದ ೫ನ್ನು ಕಳೆದರೆ ೬೪, ಅದು ೮ರ ವರ್ಗ. ಆದುದರಿಂದ ೧೧೬೧ ಎಂಬುದು ೩೫ರ ವರ್ಗದಿಂದ ೮ರ ವರ್ಗವನ್ನು ಕಳೆದುದಕ್ಕೆ ಸಮ. ಅಪವರ್ತನಗಳು ೪೩ ಮತ್ತು ೨೭. ೬೪ರ ಸ್ಥಾನದಲ್ಲಿ ವರ್ಗಸಂಖ್ಯೆಯು ಬಾರದಿದ್ದರೆ ೭೧, ೭೩ ಎಂದು ಮುಂದಿನ ಬೆಸಸಂಖ್ಯೆಗಳನ್ನು ಕೂಡಿಸುತ್ತ ಹೋಗಬೇಕು. ಫ್ರಾನ್ಸಿನ ಫರ್ಮಾ ೧೬೪೩ರ ಸುಮಾರಿಗೆ ೨೦೨,೭೬,೫೧,೨೮೧ ಎಂಬ ಸಂಖ್ಯೆಯನ್ನು ೪೪೦೨೧ ಮತ್ತು ೪೬೦೬೧ ಎಂದು ಬಿಡಿಸಿದುದು ಇದೇ ಬಗೆಯ ವಿಧಾನದಿಂದ. ನಾರಾಯಣನ ಗ್ರಂಥವು ಅದಕ್ಕಿಂತ ಸುಮಾರು ಮೂರು ಶತಮಾನಗಳಷ್ಟು ಹಿಂದಿನದು. ಆದರೆ ಫರ್ಮಾ ನಾರಾಯಣನಿಂದ ಕಲಿತನೆಂದು ಹೇಳಲು ಆಧಾರವಿಲ್ಲ. ಇಬ್ಬರೂ ಸ್ವತಂತ್ರವಾಗಿ ಒಂದೇ ತತ್ತ್ವವನ್ನು ಮುಟ್ಟಿದರೆಂದು ಭಾವಿಸುವುದೇ ಯುಕ್ತ.

ಎರಡು ಪ್ರಶ್ನೆಗಳ ಸಂಗಮ

ಯೂರೋಪಿನಲ್ಲಿ ಅವಿಭಾಜ್ಯದ ವಿಚಾರವೂ ಶೇಷದ ವಿಚಾರವೂ ಕ್ರಮೇಣ ಒಂದಾದವು. ೧೬೪೦ರಲ್ಲಿ ಫರ್ಮಾ ಒಂದು ಪತ್ರದಲ್ಲಿ ತನ್ನ ಪ್ರಸಿದ್ಧ ನಿಯಮವನ್ನು ತಿಳಿಸಿದನು. ಅದರ ಪ್ರಕಾರ, ಒಂದು ಅವಿಭಾಜ್ಯದಿಂದ ಭಾಗವಾಗದ ಯಾವ ಸಂಖ್ಯೆಯನ್ನಾದರೂ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆಯಾದ ಘಾತಕ್ಕೆ ಏರಿಸಿ, ಅದೇ ಅವಿಭಾಜ್ಯದಿಂದ ಭಾಗಿಸಿದರೆ ಶೇಷವು ಒಂದೇ ಆಗಿರುತ್ತದೆ. ೨ನ್ನು ಆರು ಬಾರಿ ಗುಣಿಸಿದರೆ ೬೪; ಅದನ್ನು ೭ರಿಂದ ಭಾಗಿಸಿದರೆ ಉಳಿಯುವುದು ೧. ಅದೇ ಫರ್ಮಾ ೪೨೯,೪೯,೬೭,೨೯೭ ಎಂಬ ಸಂಖ್ಯೆಯನ್ನು ಅವಿಭಾಜ್ಯವೆಂದು ನಂಬಿದ್ದನು. ೧೭೩೨ರಲ್ಲಿ ಆಯ್ಲರನು ಅದು ೬೪೧ರಿಂದ ಭಾಗವಾಗುವುದೆಂದು ತೋರಿಸಿದನು. ಮಹಾಪ್ರತಿಭೆಯೂ ಉಪಪತ್ತಿಯಿಲ್ಲದೆ ನಂಬಿದಾಗ ತಪ್ಪಬಹುದೆಂಬುದಕ್ಕೆ ಇದು ನಿದರ್ಶನ.

೧೮೦೧ರಲ್ಲಿ ೨೪ ವರ್ಷ ವಯಸ್ಸಿನ ಜರ್ಮನಿಯ ಗೌಸನು ಪ್ರಕಟಿಸಿದ ಲ್ಯಾಟಿನ್ ಗ್ರಂಥವು ಶೇಷಸಾಮ್ಯದ ಕಲ್ಪನೆಯನ್ನೂ ಅದರ ಚಿಹ್ನೆಯನ್ನೂ ನೀಡಿತು. ಅಲ್ಲಿಂದ ಮುಂದೆ ಸಂಖ್ಯಾಶಾಸ್ತ್ರದ ಭಾಷೆಯೇ ಶೇಷದ ಭಾಷೆಯಾಯಿತು. ಈ ದೃಷ್ಟಿಯಿಂದ ಮಹಾವೀರನ ಬಾಳೆಹಣ್ಣಿನ ಸಮಸ್ಯೆಯನ್ನು ಮರಳಿ ನೋಡಿದರೆ ಒಂದು ಸ್ವಾರಸ್ಯವು ಗೋಚರಿಸುತ್ತದೆ. ಹಂಚಿಕೊಂಡವರು ೨೩ ಮಂದಿ, ೨೩ ಅವಿಭಾಜ್ಯ. ಅವಿಭಾಜ್ಯವು ತನ್ನಿಂದ ಭಾಗವಾಗದ ಸಕಲ ಸಂಖ್ಯೆಗಳೊಡನೆಯೂ ದೃಢವಾಗಿರುತ್ತದೆ. ಆದುದರಿಂದ ರಾಶಿಗಳ ಸಂಖ್ಯೆ ೨೩ರ ಅಪವರ್ತ್ಯವಾಗಿರದಿದ್ದರೆ, ಬಿಡಿಹಣ್ಣುಗಳು ಎಷ್ಟೇ ಇದ್ದರೂ ಉತ್ತರವು ಇದ್ದೇ ಇರುತ್ತದೆ. ಅವಿಭಾಜ್ಯವಾದ ಭಾಜಕದ ಮುಂದೆ ಭಾಸ್ಕರನು ಹೇಳಿದ ದೋಷಕ್ಕೆ ಎಡೆಯೇ ಇಲ್ಲ. ಅವಿಭಾಜ್ಯತ್ವ ಮತ್ತು ದೃಢತ್ವಗಳು ಕೂಡುವುದು ಈ ಬಿಂದುವಿನಲ್ಲಿ. ಹಳೆಯ ಸಮಸ್ಯೆಯಲ್ಲಿ ಇದು ಅಡಗಿದ್ದರೂ ಅದನ್ನು ಸಾಮಾನ್ಯ ತತ್ತ್ವವಾಗಿ ಎತ್ತಿ ಹೇಳಿದ ಕೀರ್ತಿಯು ಅನಂತರದವರಿಗೆ ಸಲ್ಲಬೇಕು.

೧೯೭೭ರಲ್ಲಿ ಅಮೆರಿಕದಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ರಹಸ್ಯ ಸಂದೇಶಗಳನ್ನು ಕಳುಹಿಸುವ ಒಂದು ಕ್ರಮವನ್ನು ರೂಪಿಸಿದರು. ಎರಡು ಭಾರಿ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವುಗಳನ್ನು ಬಿಡಿಸುವುದು ದುಸ್ಸಾಧ್ಯ ಎಂಬುದೇ ಅದರ ಭದ್ರತೆಯ ಆಧಾರ. ಈ ಕ್ರಮದಲ್ಲಿ ಬೀಗವನ್ನು ತೆರೆಯುವ ಗುಪ್ತಸಂಖ್ಯೆಯನ್ನು ಪಡೆಯಲು ಮಾಡುವ ಗಣನೆಯು ಸ್ವರೂಪದಲ್ಲಿ ಕುಟ್ಟಕವೇ ಆಗಿದೆ. ಪರಸ್ಪರ ಭಾಗಿಸಿ, ಲಬ್ಧಗಳ ಬಳ್ಳಿಯನ್ನು ಹಿಡಿದು ಹಿಂದಿರುಗಬೇಕು. ಜ್ಯೋತಿಷಿಗಳು ಅಹರ್ಗಣಕ್ಕಾಗಿ ರೂಪಿಸಿದ ಉಪಾಯವು ಗಣಕಯಂತ್ರಗಳ ಯುಗದಲ್ಲಿಯೂ ಹಳತಾಗಿಲ್ಲ.

ಇಷ್ಟಾದರೂ ಒಂದು ಮೂಲಪ್ರಶ್ನೆಯು ಉಳಿದಿತ್ತು. ಸಂಖ್ಯೆಯೊಂದು ಅವಿಭಾಜ್ಯವೋ ಅಲ್ಲವೋ ಎಂಬುದನ್ನು ನಿಶ್ಚಿತವಾಗಿಯೂ ಶೀಘ್ರವಾಗಿಯೂ, ಸಾಧಿಸದ ಯಾವ ಊಹೆಯನ್ನೂ ಆಶ್ರಯಿಸದೆ ನಿರ್ಣಯಿಸಬಹುದೇ? ಜರಡಿಯ ಕ್ರಮವು ದೊಡ್ಡ ಸಂಖ್ಯೆಗಳಿಗೆ ನಿರುಪಯುಕ್ತ. ಫರ್ಮಾನ ನಿಯಮವನ್ನೇ ಪರೀಕ್ಷೆಯಾಗಿ ಬಳಸಿದರೆ ಕೆಲವು ವಿಭಾಜ್ಯ ಸಂಖ್ಯೆಗಳೂ ಅವಿಭಾಜ್ಯಗಳ ವೇಷದಲ್ಲಿ ನುಸುಳುತ್ತವೆ. ೫೬೧ ಅಂತಹುದೊಂದು, ಅದು ೩, ೧೧, ೧೭ ಇವುಗಳ ಗುಣಲಬ್ಧ. ೨೦೦೨ರ ಆಗಸ್ಟಿನಲ್ಲಿ ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಎಂಬ ಮೂವರು ಈ ಪ್ರಶ್ನೆಗೆ ಉತ್ತರವನ್ನು ಪ್ರಕಟಿಸಿದರು. ಅವರ ಪ್ರಬಂಧವು ೨೦೦೪ರಲ್ಲಿ 'ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್' ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ೨೦೦೬ರಲ್ಲಿ ಗೋಡೆಲ್ ಪ್ರಶಸ್ತಿಯು ಅವರಿಗೆ ಸಂದಿತು. ಫರ್ಮಾನ ನಿಯಮವನ್ನು ಸಂಖ್ಯೆಗಳಿಂದ ಬೀಜೋಕ್ತಿಗಳಿಗೆ ವಿಸ್ತರಿಸಿ, ಅವುಗಳನ್ನು ಭಾಗಿಸಿದಾಗ ಉಳಿಯುವ ಶೇಷಗಳನ್ನು ಹೋಲಿಸುವುದೇ ಅವರ ವಿಧಾನದ ಹೃದಯ. ಹೀಗೆ ಯೂಕ್ಲಿಡನ ಅವಿಭಾಜ್ಯಕ್ಕೆ ಸಂಬಂಧಿಸಿದ ಪ್ರಶ್ನೆಗೆ ಶೇಷದ ವಿಚಾರದಿಂದಲೇ ಉತ್ತರವು ದೊರೆಯಿತು.

ಇದನ್ನು ಆರ್ಯಭಟನಿಂದ ನೇರವಾಗಿ ಇಳಿದುಬಂದ ವಿದ್ಯೆಯೆಂದು ಹೊಗಳುವುದು ಸರಿಯಲ್ಲ. ಕಾನ್ಪುರದ ವಿದ್ವಾಂಸರು ಆಧಾರವಾಗಿ ಹಿಡಿದುದು ಫರ್ಮಾ ಮತ್ತು ಗೌಸರ ಪರಂಪರೆಯನ್ನು. ಅಂತೆಯೇ ಕುಟ್ಟಕವನ್ನು ಕೇವಲ ಪಂಚಾಂಗದ ಲೆಕ್ಕವೆಂದು ಬದಿಗೊತ್ತುವುದೂ ಸರಿಯಲ್ಲ. ಗ್ರೀಕರು ಅಪವರ್ತನವನ್ನು ಕಂಡು ನಿಲ್ಲಿಸಿದ ಸ್ಥಳದಿಂದ ಭಾರತೀಯರು ಲಬ್ಧಗಳ ಬಳ್ಳಿಯನ್ನು ಹಿಡಿದು ಹಿಂದಿರುಗಿದರು. ಭಾರತೀಯರು ಕೇಳದೆ ಬಿಟ್ಟ ಆನಂತ್ಯದ ಪ್ರಶ್ನೆಯನ್ನು ಗ್ರೀಕರು ಕೇಳಿ ಸಾಧಿಸಿದರು. ಪೂರ್ವಿಕರು ಮಾಡಿದುದನ್ನು ಮಾಡಿದರೆಂದೂ ಮಾಡದುದನ್ನು ಮಾಡಲಿಲ್ಲವೆಂದೂ ಹೇಳುವುದೇ ಅವರಿಗೆ ಸಲ್ಲಿಸಬಹುದಾದ ನಿಜವಾದ ಗೌರವ. ದುಷ್ಟ ಪ್ರಶ್ನೆಯನ್ನು ದುಷ್ಟವೆಂದೇ ಕರೆದ ಭಾಸ್ಕರಾಚಾರ್ಯನ ಶಾಸ್ತ್ರನಿಷ್ಠೆಯು ಇತಿಹಾಸವನ್ನು ಬರೆಯುವವರಿಗೂ ಮಾದರಿಯಾಗತಕ್ಕದ್ದು.